ಮಗಳ ಕ್ರೋಮೋಸೋಮ್ ರಿಪೋರ್ಟ್

ಮಗುವಿಗೆ ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಅಂತ ಗೊತ್ತಾದ ಮೊದಲ ವಾರ ರಿಪೋರ್ಟ್‌ಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ರಕ್ತದ ಕೌಂಟ್ ಗಂಟೆಗಳಲ್ಲೇ ಸಿಗುತ್ತದೆ. ಯಾವ ಬಗೆಯ ಲುಕೇಮಿಯಾ ಅಂತ ಹೇಳುವ ಫ್ಲೋ ಸೈಟೋಮೆಟ್ರಿಗೆ ಒಂದೆರಡು ದಿನ ಸಾಕು. ಕ್ರೋಮೋಸೋಮ್, ಅಂದರೆ ಕಣದೊಳಗೆ ಜೀನ್‌ಗಳನ್ನು ಹೊತ್ತ ವರ್ಣತಂತು, ಅದರ ರಿಪೋರ್ಟ್ ಮಾತ್ರ ಬರುವುದೇ ಇಲ್ಲ. ಕೇಳಿದಾಗಲೆಲ್ಲ "ಇನ್ನೂ ಲ್ಯಾಬ್‌ನಲ್ಲಿದೆ" ಅಂತಾರೆ. ಅಷ್ಟರಲ್ಲಿ ಕೀಮೋ ಶುರುವಾಗಿರುತ್ತದೆ, ಸ್ಟಿರಾಯ್ಡ್‌ನಿಂದ ಮಗುವಿನ ಮುಖ ಊದಿಕೊಂಡಿರುತ್ತದೆ, ಆ ಪರೀಕ್ಷೆಗೆ ಕೊಟ್ಟದ್ದೇ ನಮಗೆ ಮರೆತುಹೋಗಿರುತ್ತದೆ. ಆಮೇಲೆ ಒಂದು ದಿನ ಎರಡು ಹಾಳೆ ಕೈಗೆ ಬರುತ್ತವೆ. ತುಂಬಾ ಅಂಕಿ, ಕಂಸ, ಅಲ್ಲಲ್ಲಿ ಒಂದೊಂದು ಅಕ್ಷರ. ಎಷ್ಟು ಸಲ ಓದಿದರೂ ತಲೆಬುಡ ತಿಳಿಯುವುದಿಲ್ಲ.

ಆದರೆ ಮುಂದಿನ ಎರಡು ಎರಡೂವರೆ ವರ್ಷ ಮಗುವಿಗೆ ಎಷ್ಟು ಜೋರಾದ ಔಷಧ ಕೊಡಬೇಕು ಅನ್ನುವುದನ್ನು ತೀರ್ಮಾನಿಸುವಾಗ ಡಾಕ್ಟರುಗಳು ನೋಡುವುದು ಆ ಹಾಳೆಗಳನ್ನೂ. ಹಾಗಾಗಿ ಅದರಲ್ಲಿ ಏನಿತ್ತು, ನಮಗೆ ಅದು ಹೇಗೆ ಅರ್ಥವಾಯಿತು ಅಂತ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಸಿಕ್ಕಿದವರನ್ನೆಲ್ಲ ಕೇಳಿ ಕೇಳಿ ತಿಳಿದುಕೊಂಡ ತಾಯಿ ಅಷ್ಟೇ.

ಮಗಳಿಗೆ ಆಗ ನಾಲ್ಕು ವರ್ಷ. ಬಿಟ್ಟು ಬಿಟ್ಟು ಜ್ವರ, ರಾತ್ರಿ ಕಾಲು ನೋವು ಅಂತ ಅಳು, ಎಲ್ಲೂ ಬಿದ್ದಿರದಿದ್ದರೂ ತೊಡೆಯ ಮೇಲೆ ನೀಲಿ ಕಲೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎರಡೂ ತುಂಬ ಕೆಳಗೆ. ಬಿಳಿ ರಕ್ತಕಣ ಒಂದು ಮೈಕ್ರೋಲೀಟರಿಗೆ 18,000, ಅದರಲ್ಲಿ ಬಹುಪಾಲು ಬ್ಲಾಸ್ಟ್. ಬ್ಲಾಸ್ಟ್ ಅಂದರೆ ಪೂರ್ತಿ ಬಲಿಯದೆ ಅರ್ಧಕ್ಕೇ ನಿಂತ ಕಣ. ಕೆಲಸ ಮಾಡುವುದಿಲ್ಲ, ಸಾಯುವುದೂ ಇಲ್ಲ, ಹೆಚ್ಚುತ್ತಾ ಹೋಗುತ್ತದೆ. ಕಾಯಿಲೆಯ ಹೆಸರು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ, ಚಿಕ್ಕದಾಗಿ ಎಎಲ್‌ಎಲ್. ಅದರಲ್ಲಿ ಬಿ ಕೋಶ ಅನ್ನುವ ಬಿಳಿ ರಕ್ತಕಣದ ಬಗೆ. ಮಕ್ಕಳಿಗೆ ಬರುವ ಲುಕೇಮಿಯಾದಲ್ಲಿ ಸುಮಾರು ಮುಕ್ಕಾಲು ಪಾಲು ಎಎಲ್‌ಎಲ್ ಅಂತೆ, ಅದೂ ಎರಡರಿಂದ ಐದು ವರ್ಷದ ಒಳಗಿನವರಲ್ಲೇ ಜಾಸ್ತಿ.

ಮೊದಲ ದಿನವೇ ಡಾಕ್ಟರು ಒಂದು ಲೆಕ್ಕ ಹೇಳಿದರು. ವಯಸ್ಸು ಒಂದರಿಂದ ಹತ್ತರ ಒಳಗಿದ್ದು ಬಿಳಿ ಕಣ 50,000ಕ್ಕಿಂತ ಕಡಿಮೆ ಇದ್ದರೆ ಸ್ಟ್ಯಾಂಡರ್ಡ್ ರಿಸ್ಕ್, ಅಂದರೆ ಅಪಾಯ ಹೆಚ್ಚಿಲ್ಲದ ಗುಂಪು. ನಮ್ಮ ಮಗಳು ಆ ಗುಂಪಿನಲ್ಲಿ ಬರುತ್ತಾಳೆ. "ಆದರೆ ಇದು ಮೊದಲ ಅಂದಾಜು ಅಷ್ಟೇ ಅಮ್ಮಾ. ಕ್ರೋಮೋಸೋಮ್ ಏನು ಹೇಳುತ್ತದೆ, ಔಷಧಕ್ಕೆ ಕಾಯಿಲೆ ಹೇಗೆ ಬಗ್ಗುತ್ತದೆ, ಎರಡನ್ನೂ ನೋಡಿದ ಮೇಲೆ ಗುಂಪು ಬದಲಾಗಬಹುದು" ಅಂದರು. ಆಗ ನನ್ನ ಕಿವಿಗೆ ಬಿದ್ದದ್ದು ಸ್ಟ್ಯಾಂಡರ್ಡ್ ಅನ್ನುವುದು ಮಾತ್ರ.

ಬೋನ್ ಮ್ಯಾರೋ ತೆಗೆದದ್ದು ಮಗಳಿಗೆ ನಿದ್ದೆ ಬರಿಸಿ, ಸೊಂಟದ ಹಿಂಭಾಗದ ಮೂಳೆಯಿಂದ. ನನ್ನನ್ನು ಹೊರಗೆ ನಿಲ್ಲಿಸಿದ್ದರು. ಸಿಸ್ಟರ್ ಒಬ್ಬರು ಬೇರೆ ಬೇರೆ ಬಣ್ಣದ ಮುಚ್ಚಳದ ಟ್ಯೂಬ್‌ಗಳನ್ನು ಹಿಡಿದು ಹೊರಗೆ ಬಂದರು. ಅದರಲ್ಲಿ ಹಸಿರು ಮುಚ್ಚಳದ್ದನ್ನು ಮಾತ್ರ ಬೇರೆ ಕೈಗೆ ಕೊಟ್ಟು, ಬೇಗ ತೆಗೆದುಕೊಂಡು ಹೋಗಿ ಅಂತ ಓಡಿಸಿದರು. ಯಾಕೆ ಅಂತ ಆಮೇಲೆ ತಿಳಿಯಿತು. ಆ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುತ್ತದೆ, ಕ್ರೋಮೋಸೋಮ್ ಪರೀಕ್ಷೆಗೆ ಹೋಗುವುದು ಅದೇ. ಉಳಿದ ಹಲವು ಪರೀಕ್ಷೆಗಳಿಗೆ ಕಣ ಸತ್ತಿದ್ದರೂ ನಡೆಯುತ್ತದೆ. ಇದಕ್ಕೆ ಬದುಕಿರಬೇಕು. ಬದುಕಿದ್ದರೆ ಸಾಲದು, ಲ್ಯಾಬ್‌ನಲ್ಲಿ ಅದು ಎರಡಾಗಿ ಒಡೆಯಲು ಹೊರಡಬೇಕು. ಕ್ರೋಮೋಸೋಮ್‌ಗಳು ಕಣ್ಣಿಗೆ ಕಾಣುವುದು ಕಣ ಒಡೆಯುವ ಆ ಸ್ವಲ್ಪ ಹೊತ್ತಿನಲ್ಲಿ ಮಾತ್ರ. ಬೇರೆ ಸಮಯದಲ್ಲಿ ಎಲ್ಲಾ ಸೇರಿ ಗೋಜಲಾದ ದಾರದ ಉಂಡೆಯ ಹಾಗೆ ಇರುತ್ತವಂತೆ, ಯಾವುದು ಯಾವುದು ಅಂತ ಬಿಡಿಸಲು ಆಗುವುದಿಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ಆ ಲ್ಯಾಬ್‌ನಲ್ಲಿ ಕೆಲಸ ಮಾಡುವ ಒಬ್ಬರು. ರಿಪೋರ್ಟ್ ಯಾಕೆ ಬಂದಿಲ್ಲ ಅಂತ ಕೇಳಲು ಹೋದವಳು ನಾನು. ಅವರು ಬೇಸರ ಮಾಡಿಕೊಳ್ಳದೆ ಕೂರಿಸಿ ಸ್ಕ್ರೀನ್ ತೋರಿಸಿದರು. ಮಜ್ಜೆಯನ್ನು ಪೋಷಕ ದ್ರವದಲ್ಲಿ ಹಾಕಿ ಮೈಯ ಬಿಸಿಯಲ್ಲೇ ಒಂದು ದಿನ, ಕೆಲವು ಸಲ ಎರಡು ದಿನ ಇಡುತ್ತಾರೆ. ಆಮೇಲೆ ಕೋಲ್ಸೆಮಿಡ್ ಅನ್ನುವ ಔಷಧ ಹಾಕಿ, ಒಡೆಯಲು ಹೊರಟ ಕಣಗಳನ್ನು ಅರ್ಧದಲ್ಲೇ ತಡೆದು ನಿಲ್ಲಿಸುತ್ತಾರೆ. ತೆಳು ಉಪ್ಪು ದ್ರವ ಹಾಕಿದಾಗ ಕಣ ನೀರು ಹೀರಿ ಉಬ್ಬುತ್ತದೆ, ಒಳಗಿನ ಕ್ರೋಮೋಸೋಮ್‌ಗಳು ಬಿಡಿ ಬಿಡಿ ಆಗುತ್ತವೆ. ಕೊನೆಗೆ ಗಾಜಿನ ಸ್ಲೈಡ್ ಮೇಲೆ ಹನಿ ಬೀಳಿಸಿ, ಒಣಗಿಸಿ, ಬಣ್ಣ ಹಾಕಿ ನೋಡುವುದು. ಕಪ್ಪು ಬಿಳಿ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ಪ್ರತಿಯೊಂದು ಕ್ರೋಮೋಸೋಮ್‌ಗೂ ಅದರದ್ದೇ ಪಟ್ಟೆ. ಒಬ್ಬರು ಕೂತು ಅವನ್ನು ಜೋಡಿ ಜೋಡಿಯಾಗಿ ಹೊಂದಿಸುತ್ತಾರೆ. ಈಗ ಕಂಪ್ಯೂಟರ್ ಸಹಾಯ ಇದೆ, ಆದರೂ ಕಣ್ಣು ಮನುಷ್ಯರದ್ದೇ.

"ಎಎಲ್‌ಎಲ್ ಮಕ್ಕಳ ಸ್ಯಾಂಪಲ್ ನಮಗೆ ತುಂಬಾ ಕಷ್ಟ" ಅಂದರು ಅವರು. ಈ ಕಾಯಿಲೆಯ ಕಣಗಳು ಮೈಯೊಳಗೆ ಅಷ್ಟು ಹೆಚ್ಚಿದ್ದರೂ ಲ್ಯಾಬ್‌ನಲ್ಲಿ ಒಡೆಯಲು ಹಟ ಮಾಡುತ್ತವಂತೆ. ಒಡೆದರೂ ಕ್ರೋಮೋಸೋಮ್ ಗಿಡ್ಡಗೆ, ಅಂಚು ಮಸುಕಾಗಿ, ಪಟ್ಟೆ ಸರಿಯಾಗಿ ಕಾಣದಂತೆ ಬರುತ್ತವೆ. ಎರಡು ಫೋಟೋ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರು. ಆರೋಗ್ಯವಂತರದ್ದು ಚೆನ್ನಾಗಿ, ಅಂಚು ತಿದ್ದಿಟ್ಟ ಹಾಗೆ ಇತ್ತು. ಪಕ್ಕದ್ದು ಒದ್ದೆ ಕಾಗದದ ಮೇಲೆ ಇಂಕು ಹರಡಿದ ಹಾಗಿತ್ತು. ತಡ ಯಾಕಾಗುತ್ತದೆ ಅಂತ ಆ ಎರಡು ಫೋಟೋ ನೋಡಿದ ಮೇಲೆ ನಾನು ಮತ್ತೆ ಕೇಳಲಿಲ್ಲ.

ಮೊದಲ ಹಾಳೆ ಬಂತು. ಕೊನೆಯ ಸಾಲು ಹೀಗಿತ್ತು: 46, ಎಕ್ಸ್‌ಎಕ್ಸ್, ಆಮೇಲೆ ಚೌಕ ಕಂಸದಲ್ಲಿ 20. ಇದರ ಪಕ್ಕದಲ್ಲಿ ನಾರ್ಮಲ್ ಅಂತಲೂ ಬರೆದಿತ್ತು. 46 ಅಂದರೆ ಒಟ್ಟು ಕ್ರೋಮೋಸೋಮ್, ಎಕ್ಸ್‌ಎಕ್ಸ್ ಅಂದರೆ ಹೆಣ್ಣು ಮಗು, 20 ಅಂದರೆ ಇಪ್ಪತ್ತು ಕಣ ನೋಡಿದ್ದೇವೆ ಅಂತ. ಸಾಮಾನ್ಯವಾಗಿ ಅಷ್ಟು ನೋಡಿದ ಮೇಲೇ ನಾರ್ಮಲ್ ಅನ್ನುವುದು. ಇವರು ಆ ಹಾಳೆ ಹಿಡಿದು ವಾರ್ಡಿಗೆ ಬಂದ ರೀತಿ ನೋಡಬೇಕಿತ್ತು, ಕಾಯಿಲೆಯೇ ಸುಳ್ಳಾಯಿತೇನೋ ಅನ್ನುವ ಹಾಗೆ. ಊರಲ್ಲಿದ್ದ ಅತ್ತೆಗೂ ಫೋನ್ ಹೋಯಿತು. ನಾರ್ಮಲ್ ಅಂದರೆ ಯಾರಿಗೆ ಖುಷಿ ಆಗಲ್ಲ ಹೇಳಿ.

ರೌಂಡ್ಸ್‌ಗೆ ಬಂದ ಡಾಕ್ಟರು ಹಾಳೆ ನೋಡಿ ಖುಷಿಪಡಲಿಲ್ಲ, ಬೇಜಾರೂ ಪಡಲಿಲ್ಲ. ಮಂಚದ ಪಕ್ಕ ಕೂತು ಎರಡು ವಿಷಯ ಹೇಳಿದರು. ಒಂದು, ಮಜ್ಜೆಯಲ್ಲಿ ಒಳ್ಳೆಯ ಕಣಗಳೂ ಸ್ವಲ್ಪ ಉಳಿದಿರುತ್ತವೆ, ಲ್ಯಾಬ್‌ನಲ್ಲಿ ಕಾಯಿಲೆಯ ಕಣ ಒಡೆಯದೆ ಒಳ್ಳೆಯ ಕಣಗಳೇ ಒಡೆದಿದ್ದರೆ ಇಪ್ಪತ್ತಕ್ಕೆ ಇಪ್ಪತ್ತೂ ನಾರ್ಮಲ್ ಬರಬಹುದು. ಎರಡು, ಕೆಲವು ಬದಲಾವಣೆ ಈ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಮಕ್ಕಳ ಬಿ ಕೋಶದ ಎಎಲ್‌ಎಲ್‌ನಲ್ಲಿ ಸುಮಾರು ನಾಲ್ಕನೇ ಒಂದು ಪಾಲಿನವರಲ್ಲಿ ಸಿಗುವ ಬದಲಾವಣೆಯೇ ಅಂಥದ್ದು. 12ನೇ ಕ್ರೋಮೋಸೋಮ್‌ನ ತುದಿ ಮುರಿದು 21ಕ್ಕೆ ಹೋಗುತ್ತದೆ, 21ರ ತುಂಡು 12ಕ್ಕೆ ಬರುತ್ತದೆ. ಅದಲುಬದಲಾದ ಎರಡೂ ತುಂಡಿನ ಗಾತ್ರ, ಪಟ್ಟೆಗಳ ಬಣ್ಣ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಎಷ್ಟು ನುರಿತವರು ನೋಡಿದರೂ ಏನೂ ಆಗಿಲ್ಲ ಅನ್ನಿಸುತ್ತದೆ. 1990ರ ದಶಕದ ಮಧ್ಯದವರೆಗೆ ಇದು ಇಷ್ಟು ಮಕ್ಕಳಲ್ಲಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲವಂತೆ. ನಾರ್ಮಲ್ ಅಂತ ಬರೆದು ಫೈಲ್ ಮುಚ್ಚುತ್ತಿದ್ದರು.

ಅದಕ್ಕೇ ಎರಡನೇ ಹಾಳೆ, ಫಿಶ್. ಹೆಸರು ಕೇಳಿ ಮಗಳಿಗೆ ನಗು. ಇದರಲ್ಲಿ ಕಣ ಒಡೆಯಬೇಕು ಅಂತೇನಿಲ್ಲ, ಸುಮ್ಮನಿರುವ ಕಣದಲ್ಲೂ ಆಗುತ್ತದೆ. ಬೇಕಾದ ಜೀನ್‌ಗೆ ಮಾತ್ರ ಹೋಗಿ ಅಂಟುವ, ಹೊಳೆಯುವ ಬಣ್ಣದ ತುಣುಕುಗಳನ್ನು ಹಾಕುತ್ತಾರೆ. 12ರಲ್ಲಿರುವ ಇಟಿವಿ6 ಜೀನ್‌ಗೆ ಹಸಿರು, 21ರಲ್ಲಿರುವ ರನ್‌ಎಕ್ಸ್1 ಜೀನ್‌ಗೆ ಕೆಂಪು. ಒಳ್ಳೆಯ ಕಣದಲ್ಲಿ ಎರಡು ಹಸಿರು ಚುಕ್ಕೆ, ಎರಡು ಕೆಂಪು ಚುಕ್ಕೆ, ಬೇರೆ ಬೇರೆಯಾಗಿ. ಎರಡು ಜೀನ್ ಒಂದಕ್ಕೊಂದು ಬೆಸೆದಿದ್ದರೆ ಕೆಂಪು ಹಸಿರು ಒಂದರ ಮೇಲೊಂದು ಬಿದ್ದು ಹಳದಿ ಕಾಣುತ್ತದೆ. ಇನ್ನೂರು ಕಣ ಎಣಿಸಿ ಶೇಕಡ ಎಷ್ಟರಲ್ಲಿ ಹಳದಿ ಇದೆ ಅಂತ ಬರೆಯುತ್ತಾರೆ. ನಮ್ಮದರಲ್ಲಿ ಶೇ. 84. ಜೊತೆಗೆ ಇನ್ನೊಂದು ಸಾಲು ಇತ್ತು, ಬೆಸೆಯದೆ ಉಳಿದಿರಬೇಕಿದ್ದ ಇನ್ನೊಂದು ಇಟಿವಿ6 ಕಾಣೆಯಾಗಿದೆ ಅಂತ. ಆ ಸಾಲಿನ ಮಹತ್ವ ಆಮೇಲೆ ಗೊತ್ತಾಯಿತು, ಅದಕ್ಕೆ ಬರುತ್ತೇನೆ.

ಹೀಗೆ ನಾರ್ಮಲ್ ಅಂದ ಮಜ್ಜೆಯಲ್ಲೇ ಬದಲಾವಣೆ ಸಿಕ್ಕಿತು. ಈಗ ವಿಚಿತ್ರ ನೋಡಿ. ನಾರ್ಮಲ್ ಅಂದಾಗ ಸುಮ್ಮನಿದ್ದ ಡಾಕ್ಟರು ಇದನ್ನು ನೋಡಿ ನಕ್ಕರು. "ಇದು ಸಿಕ್ಕಿದ್ದು ಒಳ್ಳೆಯದಾಯಿತು. ಔಷಧಕ್ಕೆ ಚೆನ್ನಾಗಿ ಬಗ್ಗುವ ಬಗೆ ಇದು." ಕ್ರೋಮೋಸೋಮ್‌ನಲ್ಲಿ ತಪ್ಪು ಇದೆ ಅನ್ನುವುದೇ ಒಳ್ಳೆಯ ಸುದ್ದಿ ಆಗಬಹುದು ಅಂತ ತಲೆಗೆ ಹತ್ತಲು ನನಗೆ ಸ್ವಲ್ಪ ದಿನ ಹಿಡಿಯಿತು.

ಮನೆಗೆ ಹೋಗಿ ಇವರು ಹುಡುಕಾಡಿದಾಗ ಇದೇ ಬದಲಾವಣೆಗೆ ಟೆಲ್-ಎಎಂಎಲ್1 ಅನ್ನುವ ಹಳೆಯ ಹೆಸರು ಸಿಕ್ಕಿತು. ಎಎಂಎಲ್ ಅನ್ನುವುದು ಲುಕೇಮಿಯಾದ ಬೇರೆಯದೇ ಬಗೆ ಅಲ್ವಾ, ಅದಕ್ಕೆ ಕೊಡುವ ಔಷಧವೂ ಬೇರೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಕಾಯಿಲೆಯನ್ನೇ ತಪ್ಪು ಗುರುತಿಸಿದ್ದಾರೆ ಅಂತ ಗಾಬರಿ. ಎಎಂಎಲ್1 ಅನ್ನುವುದು ರನ್‌ಎಕ್ಸ್1 ಜೀನ್‌ನ ಹಳೆಯ ಹೆಸರು. ಆ ಜೀನ್ ಮೊದಲು ಸಿಕ್ಕಿದ್ದು ಎಎಂಎಲ್ ರೋಗಿಗಳ ಕಣದಲ್ಲಿ, ಅದಕ್ಕೆ ಆ ಹೆಸರು, ಅಷ್ಟೇ. ಇದನ್ನು ಓದುವ ಅಪ್ಪಅಮ್ಮಂದಿರಿಗೆ ಒಂದು ರಾತ್ರಿಯ ನಿದ್ದೆಯಾದರೂ ಉಳಿಯಲಿ ಅಂತ ಹೇಳುತ್ತಿದ್ದೇನೆ.

ವಾರ್ಡಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಮಕ್ಕಳ ಹೆಸರಿನ ಜೊತೆ ಅವರ ಕ್ರೋಮೋಸೋಮ್ ಕೂಡ ಗೊತ್ತಾಗಿಬಿಡುತ್ತದೆ. ತಾಯಂದಿರು ಮಾತಾಡಿಕೊಳ್ಳುವುದೇ ಅದನ್ನು. ಪಕ್ಕದ ಮಂಚದ ಹುಡುಗಿಗೆ 46 ಇರಬೇಕಾದಲ್ಲಿ 55 ಇತ್ತು. ಹೈಪರ್‌ಡಿಪ್ಲಾಯ್ಡಿ ಅಂತಾರೆ. ಅವಳ ಅಮ್ಮ ಒಂಬತ್ತು ಹೆಚ್ಚು ಅಂತ ಕೇಳಿ ಅತ್ತಿದ್ದರು, ಆದರೆ 50 ದಾಟಿದ್ದರೆ ಅದೂ ಒಳ್ಳೆಯ ಗುಂಪೇ, ನಮ್ಮದಕ್ಕಿಂತ ಏನೂ ಕಡಿಮೆಯಿಲ್ಲ, ಮಕ್ಕಳಲ್ಲಿ ಅಷ್ಟೇ ಸಾಮಾನ್ಯ ಕೂಡ. ಇದಕ್ಕೆ ಒಂದು ಕಾರಣವನ್ನೂ ಡಾಕ್ಟರು ಹೇಳಿದರು. ಹೆಚ್ಚುವರಿಯಾಗಿ ಸೇರಿಕೊಳ್ಳುವುದರಲ್ಲಿ ಸಾಮಾನ್ಯವಾಗಿ 21 ಇರುತ್ತದೆ. ಮೆಥೋಟ್ರೆಕ್ಸೇಟ್ ಔಷಧವನ್ನು ಕಣದ ಒಳಗೆ ಎಳೆದುಕೊಳ್ಳುವ ಬಾಗಿಲಿನ ಜೀನ್ ಇರುವುದು ಅದರಲ್ಲೇ. 21 ಜಾಸ್ತಿ ಇದ್ದರೆ ಬಾಗಿಲೂ ಜಾಸ್ತಿ, ಕಾಯಿಲೆಯ ಕಣ ತಾನೇ ವಿಷ ಹೆಚ್ಚು ಕುಡಿಯುತ್ತದೆ. ಕಡಿಮೆ ಇದ್ದರೆ ಮಾತ್ರ ಉಲ್ಟಾ. 44ಕ್ಕಿಂತ ಕೆಳಗೆ ಹೋದರೆ ಗಟ್ಟಿ ಕಾಯಿಲೆ, ಜೋರಾದ ಚಿಕಿತ್ಸೆ ಬೇಕಾಗುತ್ತದೆ.

ಒಂದು ವರ್ಷ ತುಂಬದ ಪಾಪು ಒಂದಿತ್ತು. ಅಷ್ಟು ಚಿಕ್ಕ ಮಕ್ಕಳ ಎಎಲ್‌ಎಲ್‌ನಲ್ಲಿ ನಾಲ್ಕರಲ್ಲಿ ಮೂರು ಪಾಲು 11ನೇ ಕ್ರೋಮೋಸೋಮ್‌ನ ಕೆಎಂಟಿ2ಎ ಜೀನ್ ಮುರಿದಿರುತ್ತದೆ. ಅದನ್ನು ಯಾರೂ ಒಳ್ಳೆಯದು ಅನ್ನುವುದಿಲ್ಲ. ಆ ತಾಯಿ ಒಂದು ದಿನ ನನ್ನ ಕೈ ಹಿಡಿದು "ನಿಮಗೆ ಒಳ್ಳೆಯದು ಬಂತಲ್ಲ ಅಕ್ಕಾ" ಅಂದರು. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಲುಕೇಮಿಯಾದಲ್ಲೂ ಒಳ್ಳೆಯದು ಕೆಟ್ಟದು ಅಂತ ಪಂಕ್ತಿ ಮಾಡುವುದು ಡಾಕ್ಟರುಗಳಿಗೆ ಬೇಕು. ನಮ್ಮ ಬಾಯಲ್ಲಿ ಅದು ಬರಬಾರದು ಅನ್ನಿಸಿ, ನಾನು ಅವತ್ತಿನಿಂದ ರಿಪೋರ್ಟ್ ಬಗ್ಗೆ ಯಾರಾದರೂ ಕೇಳಿದರೆ ಮಾತ್ರ ಹೇಳುತ್ತಿದ್ದೆ.

ಎದುರು ಸಾಲಿನಲ್ಲಿದ್ದ ಹನ್ನೆರಡರ ಹುಡುಗನದ್ದು ಫಿಲಡೆಲ್ಫಿಯಾ ಕ್ರೋಮೋಸೋಮ್, 9 ಮತ್ತು 22ರ ನಡುವಿನ ಅದಲುಬದಲು. ಮಕ್ಕಳ ಎಎಲ್‌ಎಲ್‌ನಲ್ಲಿ ಇದು ನೂರಕ್ಕೆ ಮೂರರಿಂದ ಐದು ಮಂದಿಯಲ್ಲಿ ಮಾತ್ರ. ಅದರ ಕಥೆ ನನಗೆ ಇಷ್ಟ, ಅದಕ್ಕೇ ಹೇಳುತ್ತೇನೆ. ಮನುಷ್ಯನಲ್ಲಿ 46 ಕ್ರೋಮೋಸೋಮ್ ಇವೆ ಅಂತ ಸರಿಯಾಗಿ ಎಣಿಸಿದ್ದೇ 1956ರಲ್ಲಿ. ನಾಲ್ಕೇ ವರ್ಷಕ್ಕೆ, 1960ರಲ್ಲಿ, ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಬೇರೊಂದು ಬಗೆಯ ಲುಕೇಮಿಯಾ ಇದ್ದವರ ಕಣದಲ್ಲಿ ಒಂದು ಪುಟಾಣಿ ಕ್ರೋಮೋಸೋಮ್ ಕಂಡರು. ಕೆಲಸ ಮಾಡುತ್ತಿದ್ದ ಊರಿನ ಹೆಸರೇ ಅದಕ್ಕೆ ಬಂತು. ಅದು ತುಂಡಾದದ್ದಲ್ಲ, 9ರ ಜೊತೆ ಅದಲುಬದಲಾದದ್ದು ಅಂತ 1973ರಲ್ಲಿ ಹೇಳಿದವರು ಜಾನೆಟ್ ರೌಲಿ. ಮನೆಯ ಊಟದ ಮೇಜಿನ ಮೇಲೆ ಫೋಟೋಗಳನ್ನು ಕತ್ತರಿಸಿ ಕ್ರೋಮೋಸೋಮ್ ಜೋಡಿಸುತ್ತಿದ್ದರಂತೆ ಆಕೆ. ಆ ಬೆಸುಗೆಯಿಂದ ಹುಟ್ಟುವ ಪ್ರೋಟೀನನ್ನು ಗುರಿಯಿಟ್ಟು ತಡೆಯುವ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಳಕೆಗೆ ಬಂತು. ಅದಕ್ಕೆ ಮೊದಲು ಈ ಬಗೆಯ ಎಎಲ್‌ಎಲ್ ಇದ್ದ ಮಕ್ಕಳಿಗೆ ಟ್ರಾನ್ಸ್‌ಪ್ಲಾಂಟ್, ಅಂದರೆ ಬೇರೆಯವರ ಬೋನ್ ಮ್ಯಾರೋ ಕಸಿ, ಒಂದೇ ದಾರಿ ಅನ್ನುವ ಹಾಗಿತ್ತು. ಈಗ ಕೀಮೋ ಜೊತೆ ಇಂಥ ಮಾತ್ರೆ ಕೊಟ್ಟು ಟ್ರಾನ್ಸ್‌ಪ್ಲಾಂಟ್ ಇಲ್ಲದೆಯೂ ಹಲವರು ಗುಣವಾಗುತ್ತಿದ್ದಾರೆ. ಆ ಹುಡುಗನಿಗೆ ಮಾತ್ರೆ ಶುರುವಾದದ್ದು ಫಿಶ್ ರಿಪೋರ್ಟ್ ಬಂದ ಮೇಲೆ. ರಿಪೋರ್ಟ್ ಬರದಿದ್ದರೆ ಆ ಮಾತ್ರೆಯೂ ಇಲ್ಲ. ಈ ಪರೀಕ್ಷೆ ಯಾಕೆ, ಹೇಗಿದ್ದರೂ ಕೀಮೋ ಕೊಡುತ್ತಾರಲ್ಲ ಅಂತ ಯಾರಾದರೂ ಕೇಳಿದರೆ ನಾನು ಆ ಹುಡುಗನ ಉದಾಹರಣೆಯನ್ನೇ ಕೊಡುವುದು.

ಮನೆಯಲ್ಲಿ ಇನ್ನೊಂದು ಗಲಾಟೆ ಶುರುವಾಗಿತ್ತು. ಕ್ರೋಮೋಸೋಮ್, ಜೀನ್ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಎಲ್ಲರಿಗೂ ಬರುವ ಪ್ರಶ್ನೆ ಒಂದೇ, ಯಾರ ಕಡೆಯಿಂದ ಬಂತು? "ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲಪ್ಪ" ಅಂತ ಅತ್ತೆ ಗಾಳಿಗೆ ಹೇಳಿದ ಹಾಗೆ ಹೇಳಿದರು. ನನ್ನ ಅಮ್ಮ ನಮ್ಮ ಕಡೆಯ ಸತ್ತವರ ಪಟ್ಟಿ ತೆಗೆದು ಕೂತರು. ಅಪ್ಪನ ತಂಗಿಗೆ ಏನೋ ಗಡ್ಡೆ ಇತ್ತಲ್ಲ ಅನ್ನುವವರೆಗೂ ಹೋಯಿತು.

ಇವರನ್ನೂ ಕರೆದುಕೊಂಡು ಹೋಗಿ ಡಾಕ್ಟರಲ್ಲಿ ನೇರವಾಗಿ ಕೇಳಿದೆ. ಅವರು ಹೇಳಿದ್ದನ್ನು ನಾನು ಹಾಗೇ ಮನೆಯವರ ಮುಂದೆ ಒಪ್ಪಿಸಿದೆ. ಆ ಹಾಳೆ ಹೇಳುವುದು ಮಗಳ ಬಗ್ಗೆ ಅಲ್ಲ, ಮಗಳ ಕಾಯಿಲೆಯ ಕಣಗಳ ಬಗ್ಗೆ. ಅವಳ ಚರ್ಮ, ಕೂದಲು, ಕರುಳು, ಎಲ್ಲಾ ಕಣದಲ್ಲೂ 12 ಮತ್ತು 21 ತಮ್ಮ ತಮ್ಮ ಜಾಗದಲ್ಲೇ ಇವೆ. ಎಲ್ಲೋ ಒಂದು ರಕ್ತದ ಕಣ ಒಡೆಯುವಾಗ ಎಡವಟ್ಟಾಯಿತು, ಅದರಿಂದ ಹುಟ್ಟಿದ ಕಣಗಳಿಗೆಲ್ಲ ಅದೇ ಎಡವಟ್ಟು. ಅಪ್ಪ ಅಮ್ಮ ಯಾರೂ ಕೊಟ್ಟದ್ದಲ್ಲ. ಮುಂದೆ ಅವಳ ಮಕ್ಕಳಿಗೆ ಹೋಗುವುದೂ ಇಲ್ಲ. ಚಿಕ್ಕವನನ್ನೂ ಟೆಸ್ಟ್ ಮಾಡಿಸೋಣವಾ ಅಂದದ್ದಕ್ಕೆ, ಬೇಡ, ಸುಮ್ನೆ ಮಗುವಿಗೆ ಯಾಕೆ ಸೂಜಿ ಚುಚ್ಚಿಸುತ್ತೀರಿ ಅಂದರು.

ಹುಟ್ಟಿನಿಂದಲೇ ಬರುವ ಕಾರಣಗಳು ಇಲ್ಲವೇ ಇಲ್ಲ ಅಂತ ಅಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೇ ಕ್ರೋಮೋಸೋಮ್ ಮೈಯ ಎಲ್ಲಾ ಕಣದಲ್ಲೂ ಮೂರಿರುತ್ತದೆ, ಅವರಿಗೆ ಲುಕೇಮಿಯಾ ಬರುವ ಸಂಭವ ಬೇರೆ ಮಕ್ಕಳಿಗಿಂತ 10ರಿಂದ 20 ಪಟ್ಟು ಹೆಚ್ಚು. ಕ್ರೋಮೋಸೋಮ್ 40ಕ್ಕಿಂತ ಕೆಳಗೆ ಇಳಿದ ಕೆಲವು ಮಕ್ಕಳಲ್ಲಿ ಟಿಪಿ53 ಅನ್ನುವ ಜೀನ್‌ನ ದೋಷ ಮನೆತನದಲ್ಲೇ ಇರಬಹುದು, ಆಗ ಅಪ್ಪ ಅಮ್ಮನನ್ನೂ ಪರೀಕ್ಷೆ ಮಾಡುತ್ತಾರೆ. ನಮ್ಮದು ಅದ್ಯಾವುದೂ ಅಲ್ಲ.

ಒಂದು ಮಾತು ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಈ 12-21ರ ಬೆಸುಗೆ ಸಾಮಾನ್ಯವಾಗಿ ಆಗುವುದು ಮಗು ಹೊಟ್ಟೆಯಲ್ಲಿರುವಾಗಲೇ ಅಂತೆ. ಇದು ತಿಳಿದ ಬಗೆಯೂ ಸೋಜಿಗ. ಮೆಲ್ ಗ್ರೀವ್ಸ್ ಅನ್ನುವ ವಿಜ್ಞಾನಿ ಮತ್ತು ಜೊತೆಯವರು, ಲುಕೇಮಿಯಾ ಬಂದ ಮಕ್ಕಳು ಹುಟ್ಟಿದಾಗ ಹಿಮ್ಮಡಿಯಿಂದ ಕಾಗದದ ಮೇಲೆ ತೆಗೆದಿಟ್ಟ ರಕ್ತದ ಕಲೆಗಳನ್ನು ಹುಡುಕಿ ತೆಗೆದು ನೋಡಿದರು. ವರ್ಷಗಳ ಹಿಂದಿನ ಆ ಒಣ ಕಲೆಯಲ್ಲೂ ಅದೇ ಬೆಸುಗೆ ಇತ್ತು. ಒಂದೇ ರೂಪದ ಅವಳಿಗಳಿಬ್ಬರಿಗೂ ಲುಕೇಮಿಯಾ ಬಂದಾಗ, ಇಬ್ಬರಲ್ಲೂ ಜೀನ್ ಮುರಿದ ಜಾಗ ಅಕ್ಷರ ತಪ್ಪದೆ ಒಂದೇ ಇತ್ತು. ಒಬ್ಬರಲ್ಲಿ ಹುಟ್ಟಿದ ಕಣ ಇಬ್ಬರೂ ಹಂಚಿಕೊಂಡಿದ್ದ ಮಾಸಿನ ಮೂಲಕ ಇನ್ನೊಬ್ಬರಿಗೆ ಹೋಗಿತ್ತು.

ಹೊಟ್ಟೆಯಲ್ಲಿರುವಾಗಲೇ ಅಂದರೆ, ಆಗ ನಾನು ಏನು ತಿಂದೆ, ಯಾವ ಮಾತ್ರೆ ನುಂಗಿದೆ, ಎಲ್ಲಿ ಓಡಾಡಿದೆ? ಬಸುರಿಯಾಗಿದ್ದ ಒಂಬತ್ತು ತಿಂಗಳನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ಜಾಲಾಡಿದೆ. ಕೊನೆಗೆ ತಡೆಯಲಾರದೆ ಡಾಕ್ಟರನ್ನು ಕೇಳಿದೆ. ಹುಟ್ಟುವ ನೂರು ಮಕ್ಕಳಲ್ಲಿ ಒಬ್ಬರಿಗಾದರೂ ಈ ಬೆಸುಗೆ ಇರುತ್ತದೆ, ಕೆಲವು ಲೆಕ್ಕದಲ್ಲಿ ಇನ್ನೂ ಜಾಸ್ತಿ ಅಂದರು. ಅವರಲ್ಲಿ ಬಹುತೇಕ ಎಲ್ಲರೂ ಆರೋಗ್ಯವಾಗಿ ಬೆಳೆಯುತ್ತಾರೆ, ತಮಗೆ ಅದು ಇತ್ತು ಅಂತಲೂ ಗೊತ್ತಾಗದೆ. ಬೆಸುಗೆ ಒಂದರಿಂದಲೇ ಕಾಯಿಲೆ ಬರುವುದಿಲ್ಲ. ಹುಟ್ಟಿದ ಮೇಲೆ, ವರ್ಷಗಳ ನಂತರ, ಅದೇ ಕಣದಲ್ಲಿ ಇನ್ನೂ ಒಂದೆರಡು ಪೆಟ್ಟು ಬೀಳಬೇಕು. ಹೆಚ್ಚು ಸಲ ಆ ಎರಡನೇ ಪೆಟ್ಟು ಅಂದರೆ ಉಳಿದಿದ್ದ ಒಳ್ಳೆಯ ಇಟಿವಿ6 ಕೂಡ ಕಳೆದುಹೋಗುವುದು. ಫಿಶ್ ಹಾಳೆಯಲ್ಲಿ ಇದ್ದ ಆ ಸಾಲು ಇದೇ. ಕೇಳಿ ಎದೆಯ ಭಾರ ಪೂರ್ತಿ ಇಳಿಯಿತು ಅಂತ ಹೇಳಲಾರೆ, ಆದರೆ ಆ ಒಂಬತ್ತು ತಿಂಗಳನ್ನು ಜಾಲಾಡುವುದು ನಿಂತಿತು.

ಇಷ್ಟೆಲ್ಲಾ ಆದ ಮೇಲೆ ಒಳ್ಳೆಯ ಕ್ರೋಮೋಸೋಮ್, ಚಿಕ್ಕ ವಯಸ್ಸು, ಕಡಿಮೆ ಕೌಂಟ್, ಇನ್ನೇನು ಭಯವಿಲ್ಲ ಅಂದುಕೊಂಡು ಮೊದಲ ಹಂತ ಮುಗಿಸಿದೆವು. ಇಂಡಕ್ಷನ್ ಅಂತಾರೆ, ನಾಲ್ಕೈದು ವಾರ. ವಿನ್‌ಕ್ರಿಸ್ಟಿನ್, ಸ್ಟಿರಾಯ್ಡ್, ಆಸ್ಪರಾಜಿನೇಸ್, ಬೆನ್ನುಹುರಿಯ ನೀರಿಗೆ ಮೆಥೋಟ್ರೆಕ್ಸೇಟ್. ಅದರ ಕಷ್ಟ ಬರೆಯಲು ಹೊರಟರೆ ಬೇರೆಯೇ ಕಥೆಯಾಗುತ್ತದೆ. ಕೊನೆಯಲ್ಲಿ ಮತ್ತೆ ಬೋನ್ ಮ್ಯಾರೋ ತೆಗೆದು ಎಂಆರ್‌ಡಿ ನೋಡುತ್ತಾರೆ. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕಡಿಮೆ ಕಾಯಿಲೆ ಉಳಿದಿದೆಯೇ ಅಂತ ಹುಡುಕುವ ಪರೀಕ್ಷೆ. ಹತ್ತು ಸಾವಿರ ಕಣದಲ್ಲಿ ಒಂದು, ಅಂದರೆ ಶೇ. 0.01ಕ್ಕಿಂತ ಕೆಳಗಿದ್ದರೆ ನೆಗೆಟಿವ್.

ನಮ್ಮದು 0.03 ಬಂತು.

ಈ ಸುದ್ದಿಯನ್ನು ನನಗೆ ಕಾರಿಡಾರಿನಲ್ಲಿ ಹೋಗುತ್ತಾ ಹೋಗುತ್ತಾ ಹೇಳಿದರು. ಹೇಳಿದವರು ಚಿಕ್ಕ ಡಾಕ್ಟರು, ಕೈಯಲ್ಲಿ ಇನ್ನೂ ಹತ್ತು ಫೈಲ್. "ಎಂಆರ್‌ಡಿ ಪಾಸಿಟಿವ್, ಗುಂಪು ಮೇಲಕ್ಕೆ ಹೋಗುತ್ತದೆ" ಅಂದು ಮುಂದೆ ಹೋದರು. ಪಾಸಿಟಿವ್ ಅನ್ನುವ ಮಾತನ್ನು ಗೋಡೆಗೆ ಒರಗಿ ನಿಂತ ತಾಯಿಗೆ ಹಾಗೆ ಹೇಳಬಾರದು. ಕೂರಿಸಿ ಹೇಳಲು ಐದು ನಿಮಿಷ ಸಾಕು. ಅವರಿಗೆ ಆ ಐದು ನಿಮಿಷ ಇರಲಿಲ್ಲ ಅನ್ನುವುದೂ ನನಗೆ ಗೊತ್ತು, ಆದರೂ ಸಿಟ್ಟು ಹೋಗಿಲ್ಲ.

ದೊಡ್ಡ ಡಾಕ್ಟರು ಸಂಜೆ ಬಿಡಿಸಿ ಹೇಳಿದರು. ಕ್ರೋಮೋಸೋಮ್ ಹೇಳುವುದು ಇಂಥ ಕಾಯಿಲೆ ಸಾಮಾನ್ಯವಾಗಿ ಹೇಗೆ ನಡೆದುಕೊಳ್ಳುತ್ತದೆ ಅಂತ. ಎಂಆರ್‌ಡಿ ಹೇಳುವುದು ಈ ಮಗುವಿನಲ್ಲಿ, ಈ ಔಷಧಕ್ಕೆ ಅದು ನಿಜವಾಗಿ ಹೇಗೆ ನಡೆದುಕೊಂಡಿತು ಅಂತ. ಎರಡೂ ಒಂದೇ ಮಾತು ಹೇಳಿದರೆ ಸುಲಭ. ಹೇಳದಿದ್ದರೆ ಎಂಆರ್‌ಡಿ ಮಾತನ್ನು ಬದಿಗಿಡುವ ಹಾಗಿಲ್ಲ. "ಕ್ರೋಮೋಸೋಮ್ ಒಳ್ಳೆಯದು ಅನ್ನುವುದು ಸುಳ್ಳಾಗಿಲ್ಲ. ಆದರೆ ಅದನ್ನೇ ನಂಬಿ ಔಷಧ ಕಡಿಮೆ ಮಾಡುವ ಹಾಗಿಲ್ಲ, ಸ್ವಲ್ಪ ಜೋರು ಮಾಡುತ್ತೇವೆ" ಅಂದರು. ನಾನು ಟ್ರಾನ್ಸ್‌ಪ್ಲಾಂಟ್ ಬೇಕಾಗುತ್ತದಾ ಅಂತ ಕೇಳಿದೆ. ಈ ಮಟ್ಟಕ್ಕೆ ಬೇಡ, ಮುಂದಿನ ಹಂತ ಮುಗಿದ ಮೇಲೆ ಇನ್ನೊಮ್ಮೆ ನೋಡೋಣ ಅಂದರು. ಆ ಹಂತ ಮುಗಿಯುವವರೆಗಿನ ದಿನಗಳೇ ನಮಗೆ ಇಡೀ ಚಿಕಿತ್ಸೆಯಲ್ಲಿ ಕಷ್ಟದವು. ಮಗಳಿಗೆ ಅದು ಗೊತ್ತಿಲ್ಲ, ಅವಳಿಗೆ ಕಷ್ಟವಾದದ್ದು ಮೂಗಿನ ನಳಿಗೆ.

ಎರಡನೇ ಎಂಆರ್‌ಡಿಯಲ್ಲಿ ಏನೂ ಸಿಗಲಿಲ್ಲ. ಈ ಸಲ ಕೂರಿಸಿಯೇ ಹೇಳಿದರು.

ಈಗ ಮೇಂಟೆನೆನ್ಸ್ ಅನ್ನುವ ಕೊನೆಯ, ಉದ್ದದ ಹಂತ ನಡೆಯುತ್ತಿದೆ. ರಾತ್ರಿ 6-ಎಂಪಿ ಮಾತ್ರೆ, ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಕೌಂಟ್ ನೋಡಿಕೊಂಡು ಡೋಸ್ ಮೇಲೆ ಕೆಳಗೆ. ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಹೋದ ಸಲ ಡಾಕ್ಟರನ್ನು ಕೇಳಿದೆ, ಕ್ರೋಮೋಸೋಮ್ ಇನ್ನೊಮ್ಮೆ ಯಾವಾಗ ನೋಡುತ್ತೀರಿ ಅಂತ. ಎಲ್ಲಾ ಸರಿ ಹೋದರೆ ಇನ್ನು ನೋಡುವುದೇ ಇಲ್ಲ ಅಂದರು. ಕಾಯಿಲೆಯ ಕಣವೇ ಇಲ್ಲದಿದ್ದ ಮೇಲೆ ನೋಡಲು ಏನಿದೆ? ಮತ್ತೆ ಬಂದರೆ ಮಾತ್ರ. ಈ ಬಗೆಯಲ್ಲಿ ಮರುಕಳಿಸುವುದು ಕಡಿಮೆ, ಬಂದರೆ ತಡವಾಗಿ, ಚಿಕಿತ್ಸೆ ನಿಲ್ಲಿಸಿ ಎಷ್ಟೋ ಕಾಲದ ನಂತರ ಬರಬಹುದು, ಅದಕ್ಕೆ ವರ್ಷಗಟ್ಟಲೆ ತಪಾಸಣೆಗೆ ಬರುತ್ತಿರಿ ಅಂತಲೂ ಹೇಳಿದರು. ಆಗ ಹೊಸ ಸ್ಯಾಂಪಲ್ಲನ್ನು ಹೋಲಿಸಿ ನೋಡಲು ಮೊದಲ ರಿಪೋರ್ಟ್ ಬೇಕು. ಹತ್ತು ವರ್ಷ ಕಳೆದ ಮೇಲೆ ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿ ಅದು ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಕ್ರೋಮೋಸೋಮ್, ಫಿಶ್, ಫ್ಲೋ, ಎರಡೂ ಎಂಆರ್‌ಡಿ, ಇಷ್ಟನ್ನೂ ಮುದ್ರಿಸಿ ಒಂದು ಪ್ರತಿ ಮನೆಯಲ್ಲಿ, ಒಂದು ಫೋನಿನಲ್ಲಿ ಇಟ್ಟುಕೊಳ್ಳಿ. ಇವರು ನಮ್ಮದನ್ನು ಲ್ಯಾಮಿನೇಟ್ ಮಾಡಿಸುತ್ತೇನೆ ಅಂತ ಹೊರಟಿದ್ದರು, ಬೇಡ, ಜೆರಾಕ್ಸ್ ಸಾಕು ಅಂದೆ.